ಕೊಪ್ಪರಿಗೆಗೆ ಎಷ್ಟು ಸುಣ್ಣ? ಅರಿಶಿನ ಹೇಳಿದ್ದು ಅರ್ಧ ಮಾತ್ರ

ಮಂಡ್ಯದ ಹತ್ತಿರ ನಮ್ಮದೊಂದು ಚಿಕ್ಕ ಆಲೆಮನೆ ಇದೆ. ಕಬ್ಬಿನ ಹಾಲಿಗೆ ಸುಣ್ಣದ ತಿಳಿ ಹಾಕುವುದು ಅಪ್ಪನ ಕಾಲದಿಂದಲೂ ಇದೆ. ಎಷ್ಟು ಹಾಕಬೇಕು ಅಂದರೆ ಅಪ್ಪ "ಕೈ ಅಂದಾಜು ಕಣೋ" ಅನ್ನುತ್ತಿದ್ದರು. ನಾನು ನೋಡಿಕೊಳ್ಳಲು ಶುರು ಮಾಡಿದ ವರ್ಷ ಒಂದು ಪಾಕ ಅಚ್ಚಿನಲ್ಲಿ ಕೂರಲೇ ಇಲ್ಲ, ಅಂಟಂಟಾಗಿ ಉಳಿಯಿತು. ಆ ಭಯಕ್ಕೆ ಮರುದಿನ ಸುಣ್ಣ ಜಾಸ್ತಿ ಹಾಕಿದೆ, ಬೆಲ್ಲ ಕಪ್ಪಾಯಿತು.

ಕಬ್ಬಿನ ಹಾಲು ಬಾಯಿಗೆ ಸಿಹಿ, ಆದರೆ ಅದು ಸ್ವಲ್ಪ ಆಮ್ಲವೇ. ಹುಳಿ ಅಳೆಯುವ ಪಿಎಚ್ ಅಂಕಿಯಲ್ಲಿ (7 ಅಂದರೆ ನಡು, ಅದಕ್ಕಿಂತ ಇಳಿದಷ್ಟೂ ಹುಳಿ, ಏರಿದಷ್ಟೂ ಸುಣ್ಣದ ಗುಣ) 5ರಿಂದ 5.5ರ ಆಸುಪಾಸು. ಹಾಗೇ ಕುದಿಸಿದರೆ ಸಕ್ಕರೆ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ, ಅವು ಜಾಸ್ತಿಯಾದರೆ ಬೆಲ್ಲ ಗಟ್ಟಿಯಾಗುವುದಿಲ್ಲ, ಗಾಳಿಯ ತೇವ ಬೇರೆ ಎಳೆದುಕೊಳ್ಳುತ್ತದೆ. ಸುಣ್ಣ ಪ್ರತ್ಯಾಮ್ಲ, ಆ ಹುಳಿಯನ್ನು ಮುರಿಯುತ್ತದೆ. ಮಿತಿ ಮೀರಿದರೆ ಮಾತ್ರ ಅದೇ ಗ್ಲೂಕೋಸ್, ಫ್ರಕ್ಟೋಸ್ ಕೆಟ್ಟು ಬಣ್ಣ ಕಂದುತ್ತದೆ.

ನನಗೆ ದಾರಿ ತೋರಿಸಿದ್ದು ಮನೆಯ ಆರತಿ ತಟ್ಟೆ. ಅರಿಶಿನದ ನೀರಿಗೆ ಚೂರು ಸುಣ್ಣ ಬಿದ್ದರೆ ಕೆಂಪಾಗುತ್ತದೆ ಅಲ್ವಾ, ಶಾಲೆಯಲ್ಲಿ ಸೂಚಕ ಅಂತ ಓದಿದ್ದು ಇದನ್ನೇ! ಬಿಳಿ ಕಾಗದಕ್ಕೆ ಅರಿಶಿನದ ನೀರು ಸವರಿ ಒಣಗಿಸಿ ಪಟ್ಟಿ ಕತ್ತರಿಸಿಟ್ಟುಕೊಂಡೆ. ಸುಣ್ಣ ಕಲಸಿದ ಹಾಲನ್ನು ಒಂದು ತೊಟ್ಟು ಆರಿಸಿ ಅದರ ಮೇಲೆ ಹಾಕುತ್ತಿದ್ದೆ. ಹಾಲಿಗೇ ಒಂದು ಮಾಸಲು ಬಣ್ಣ ಇರುವುದರಿಂದ ತೊಟ್ಟಿನ ನಡುವೆ ನೋಡಬಾರದು, ಹರಡಿದ ಅಂಚು ನೋಡಬೇಕು. ಅಂಚು ಕೆಂಪಗಾದರೆ ಸುಣ್ಣ ಹೆಚ್ಚಾಗಿದೆ ಅಂತಲೇ ಅರ್ಥ.

ಕಪ್ಪು ಬೆಲ್ಲ ನಿಂತಿತು, ಅಂಟು ಬೆಲ್ಲ ಮಾತ್ರ ಆಗಾಗ ಬರುತ್ತಲೇ ಇತ್ತು. ಯಾಕೆಂದರೆ ಅರಿಶಿನ ಬಣ್ಣ ಬದಲಿಸುವುದು ಪಿಎಚ್ 7 ದಾಟಿದ ಮೇಲೆ, ಸುಮಾರು 8ರ ಹತ್ತಿರ. 5 ಇದ್ದರೂ ಹಳದಿ, 6 ಇದ್ದರೂ ಹಳದಿ. ನೋಡಲು ಒಂದೇ ಅಂಕಿಯ ವ್ಯತ್ಯಾಸ, ಆದರೆ 6ಕ್ಕಿಂತ 5ರಲ್ಲಿ ಆಮ್ಲ ಹತ್ತು ಪಟ್ಟು ಜಾಸ್ತಿ. ದಾಸವಾಳದ ರಸದ ಪಟ್ಟಿಯನ್ನೂ ಮಾಡಿ ನೋಡಿದೆ, ನಿಂಬೆಹಣ್ಣಿಗೆ ಕೆಂಪು, ಸುಣ್ಣಕ್ಕೆ ಹಸಿರು, ಚೆನ್ನಾಗಿಯೇ ತೋರಿಸಿತು, ಆದರೆ ನನಗೆ ಬೇಕಾದ ನಡುವಿನ ಜಾಗದಲ್ಲಿ ಬಣ್ಣ ಕಣ್ಣಿಗೆ ನಿಲ್ಲಲಿಲ್ಲ. ಕೊನೆಗೆ ಲ್ಯಾಬ್ ಸಾಮಾನಿನ ಅಂಗಡಿಯಿಂದ ಪಿಎಚ್ ಪೇಪರ್ ತಂದೆ. ಈಗ 6 ದಾಟಿದ ತಕ್ಷಣ ಸುಣ್ಣ ನಿಲ್ಲಿಸುತ್ತೇನೆ, ಅರಿಶಿನದ ಪಟ್ಟಿ ಕಾವಲಿಗೆ ಪಕ್ಕದಲ್ಲಿರುತ್ತದೆ.

ಅಳತೆ ಗೊತ್ತಾಯಿತು ಅಂತ ದಿನಾ ಅಷ್ಟೇ ಸುರಿಯುವ ಹಾಗಿಲ್ಲ. ಕಡಿದು ಎರಡು ದಿನ ಬಿಸಿಲಲ್ಲಿ ಬಿದ್ದ ಕಬ್ಬಿನ ಹಾಲು ಹೆಚ್ಚು ಹುಳಿಯಾಗಿರುತ್ತದೆ, ಅದಕ್ಕೆ ಸುಣ್ಣವೂ ಹೆಚ್ಚು ಬೇಕು. ಅದಕ್ಕೇ ಪ್ರತಿ ಕೊಪ್ಪರಿಗೆಗೂ ಒಂದು ಪಟ್ಟಿ ಹರಿಯುತ್ತೇನೆ.