ಕನಾರ್ಟಕ ಕರ್ನಾಟಕ ಆಗಲು ಎಂಟು ತಿಂಗಳು

ಬೆಂಗಳೂರಿನ ಹನುಮಂತನಗರದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಮೂರು ಕಂಪ್ಯೂಟರ್, ಒಂದು ಜೆರಾಕ್ಸ್ ಮಷಿನ್, ನಾನು, ಒಬ್ಬಳು ಆಪರೇಟರ್. ಲಗ್ನಪತ್ರಿಕೆ, ಪ್ರಶ್ನೆಪತ್ರಿಕೆ, ದೇವಸ್ಥಾನದ ಕರಪತ್ರ, ಸಂಘಗಳ ವಾರ್ಷಿಕ ವರದಿ. ಹೋದ ವರ್ಷ ವಿಂಡೋಸ್ ಬಿಟ್ಟು, ಕಂಪ್ಯೂಟರ್ ನಡೆಸುವ ಪುಕ್ಕಟೆ ವ್ಯವಸ್ಥೆಯಾದ ಲಿನಕ್ಸ್‌ಗೆ ಹೋಗುತ್ತೇನೆ ಅಂದಾಗ ಸುಲ್ತಾನ್‌ಪೇಟೆಯ ಪ್ರೆಸ್ಸಿನವರೊಬ್ಬರು ನಕ್ಕಿದ್ದರು. "ಒಂದು ವಾರ ಇಟ್ಕೋತೀಯ, ಆಮೇಲೆ ಕಿತ್ತಾಕ್ತೀಯ" ಅಂದಿದ್ದರು. ಅವರೇ ಮೊನ್ನೆ ಫೋನ್ ಮಾಡಿ, "ನಮ್ಮ ಹಳೇ ಫೈಲುಗಳನ್ನೂ ಸ್ವಲ್ಪ ಕನ್ವರ್ಟ್ ಮಾಡಿಕೊಡ್ತೀರಾ ಸಾರ್" ಎಂದು ಕೇಳಿದರು. ಏಕವಚನ ಹೋಗಿ ಸಾರ್ ಬಂತು. ಆ ಖುಷಿಗೇ ಇದನ್ನು ಬರೆಯುತ್ತಿದ್ದೇನೆ.

ಶುರುವಾಗಿದ್ದು ದುಡ್ಡಿನಿಂದ, ಸಿದ್ಧಾಂತದಿಂದ ಅಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10 ಬೆಂಬಲ ಮುಗಿಯುತ್ತಿತ್ತು. ನನ್ನ ಹಳೇ ಮಷಿನ್‌ಗಳಿಗೆ 11 ಹಾಕುವ ಯೋಗ್ಯತೆ ಇರಲಿಲ್ಲ. ಹೊಸ ಮೂರು ಕಂಪ್ಯೂಟರ್, ಮೇಲೆ ಸಾಫ್ಟ್‌ವೇರ್ ಲೈಸೆನ್ಸ್, ಎಲ್ಲ ಸೇರಿ ಸುಮಾರು ಒಂದು ಲಕ್ಷ ತೊಂಬತ್ತು ಸಾವಿರದ ಕೊಟೇಷನ್ ಬಂತು. ಎಸ್.ಪಿ. ರೋಡಿಗೆ ಹೋಗಿ ಎರಡು ಎಸ್‌ಎಸ್‌ಡಿ, ಎರಡು ಸೆಕೆಂಡ್ ಹ್ಯಾಂಡ್ ರ‍್ಯಾಮ್ ತಂದೆ. ಐದು ಸಾವಿರದ ಚಿಲ್ಲರೆ. ಲಿನಕ್ಸ್ ಮಿಂಟ್ ಹಾಕಿದ್ದು ಒಂದು ಭಾನುವಾರ ಮಧ್ಯಾಹ್ನ. ಅದರಲ್ಲಿ ಹೇಳುವಂಥದ್ದೇನೂ ಇಲ್ಲ.

ಆಪರೇಟರ್ ಹುಡುಗಿ ಕೀಬೋರ್ಡ್ ಬದಲಾದರೆ ಕೆಲಸ ಬಿಡುತ್ತೇನೆ ಅಂದಿದ್ದಳು. ಲಿನಕ್ಸ್‌ನಲ್ಲಿ ಕನ್ನಡ ಟೈಪ್ ಮಾಡಿಸುವ ಐಬಸ್‌ನಲ್ಲಿ ಕೆಜಿಪಿ ಕೀಲಿಮಣೆ ಇದೆ, ಅವಳಿಗೆ ರೂಢಿಯಿದ್ದ ನುಡಿ ತಂತ್ರಾಂಶದ್ದೇ ವಿನ್ಯಾಸ. ಬೆರಳಿಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ.

ತಲೆನೋವು ಹಳೇ ಫೈಲುಗಳದ್ದು. ಹದಿನಾಲ್ಕು ವರ್ಷದ ಕೆಲಸ, ಹತ್ತು ಹನ್ನೊಂದು ಸಾವಿರ ಫೈಲು, ಮುಕ್ಕಾಲು ಪಾಲು ಪುಟ ಕಟ್ಟುವ ಹಳೇ ತಂತ್ರಾಂಶ ಪೇಜ್‌ಮೇಕರ್ 7ರಲ್ಲಿ. 2001ರಲ್ಲಿ ಬಂದ ಆ ಆವೃತ್ತಿಯೇ ಕೊನೆ, ಆದರೂ ನಮ್ಮ ಲೈನಿನಲ್ಲಿ ಅದು ಇನ್ನೂ ಸತ್ತಿಲ್ಲ, ಅಲ್ವಾ? ಪುಕ್ಕಟೆ ಆಫೀಸ್ ತಂತ್ರಾಂಶ ಲಿಬ್ರೆಆಫೀಸ್ ಆ ಫೈಲುಗಳನ್ನು ತೆರೆಯುತ್ತದೆ ಅನ್ನುವುದು ತುಂಬಾ ಜನಕ್ಕೆ ಗೊತ್ತಿಲ್ಲ. ಲೇಔಟ್ ಚಿಂದಿಯಾಗಿ ಬರುತ್ತದೆ. ಪಠ್ಯ ಸಿಗುತ್ತದೆ. ನನಗೆ ಅಷ್ಟೇ ಸಾಕಿತ್ತು. ಆದರೆ ಆ ಪಠ್ಯ ಹಳೇ ನುಡಿ ಫಾಂಟಿನದು, ಅದರಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ಕನ್ನಡದ ಆಕಾರ ಕೂರಿಸಿದ್ದರು. ಈಗ ಎಲ್ಲ ಕಡೆ ನಡೆಯುವ ಸಂಕೇತ ಪದ್ಧತಿ ಯೂನಿಕೋಡ್‌ಗೆ ತರದಿದ್ದರೆ ಕೊಂಬು ಟೋಪಿ ಇಟ್ಟ ಇಂಗ್ಲಿಷ್ ಅಕ್ಷರಗಳ ರಾಶಿ.

ನೆಟ್‌ನಲ್ಲಿ ಪುಕ್ಕಟೆ ಸಿಗುವ ಒಂದು ಕನ್ವರ್ಟರ್ ಹಿಡಿದೆ. ನೂರು ಫೈಲು ಓಡಿಸಿದೆ. ನೋಡಲು ಚೆನ್ನಾಗಿತ್ತು. ಅದೇ ಧೈರ್ಯದಲ್ಲಿ ಹಳೇ ಗಿರಾಕಿಯ ಲಗ್ನಪತ್ರಿಕೆಯ ಒಕ್ಕಣೆ ತೆಗೆದು, ಹೆಸರು ತಾರೀಕು ಬದಲಿಸಿ, ಪ್ರೆಸ್ಸಿಗೆ ಕಳಿಸಿಬಿಟ್ಟೆ. ಐನೂರು ಕಾರ್ಡ್ ಅಚ್ಚಾಗಿ ಬಂತು. ವಧುವಿನ ಅಕ್ಕ ಕೀರ್ತಿ, ಕಾರ್ಡಿನಲ್ಲಿ "ಕೀತಿರ್". ವಿಳಾಸದಲ್ಲಿ "ಕನಾರ್ಟಕ". ಹುಡುಗಿಯ ತಂದೆ ಬೈಯಲೂ ಇಲ್ಲ. ಕಾರ್ಡ್ ಮೇಜಿನ ಮೇಲಿಟ್ಟು ಸುಮ್ನೆ ನನ್ನ ಮುಖ ನೋಡಿದರು. ಮರುಮುದ್ರಣಕ್ಕೆ ಒಂಬತ್ತು ಸಾವಿರ ನನ್ನ ಜೇಬಿನಿಂದ. ಆ ವಾರ ಮನೆಯಲ್ಲಿ ಲಿನಕ್ಸ್ ಅನ್ನುವ ಹೆಸರು ಎತ್ತುವಂತಿರಲಿಲ್ಲ.

ಕಾರಣ ಇದು: ಹಳೇ ಫಾಂಟಿನಲ್ಲಿ ಅರ್ಕಾವತ್ತು (ಕರ್ನಾಟಕದಲ್ಲಿರುವ "ರ್") ಕಣ್ಣಿಗೆ ಕಂಡ ಹಾಗೆ ಅಕ್ಷರದ ನಂತರ ಕೂರುತ್ತದೆ. ಯೂನಿಕೋಡ್‌ನಲ್ಲಿ ಅದು ಉಚ್ಚಾರದ ಹಾಗೆ ಮೊದಲು ಬರಬೇಕು. ಕನ್ವರ್ಟ್ ಮಾಡಿದ ಮೇಲೆ "ರ್" ಕಂಡಲ್ಲೆಲ್ಲ ಹಿಂದಕ್ಕೆ ತಳ್ಳುವ ಸ್ಕ್ರಿಪ್ಟ್ ಬರೆದೆ. ಕರ್ನಾಟಕ ಸರಿಯಾಯಿತು, ಡಾಕ್ಟರ್ ಹೋಗಿ "ಡಾರ್ಕ್ಟ" ಆದರು. ಒಂದು ಆಸ್ಪತ್ರೆಯ ಕರಪತ್ರದಲ್ಲಿ ಹದಿನೆಂಟು ಜನ ಡಾರ್ಕ್ಟ. ಸದ್ಯ, ಅದು ಪ್ರೂಫ್‌ನಲ್ಲೇ ಸಿಕ್ಕಿತು.

ಎರಡು ತಿಂಗಳು ಹೀಗೇ ಹೋಯಿತು. ಆಮೇಲೆ ಹೊಳೆದದ್ದು ಇಷ್ಟು. ಹಳೇ ಫಾಂಟಿನಲ್ಲಿ ಅರ್ಕಾವತ್ತಿನ ಸಂಕೇತ ಬೇರೆ, ಪದದ ಕೊನೆಯ "ರ್" ಸಂಕೇತ ಬೇರೆ. ಕನ್ವರ್ಟ್ ಆದಮೇಲೆ ಎರಡೂ ಒಂದೇ. ಅಂದರೆ ಜಾಗ ಬದಲಿಸುವುದಿದ್ದರೆ ಮೊದಲೇ ಬದಲಿಸಬೇಕು. ಆ ಕನ್ವರ್ಟರ್‌ನ ಸೋರ್ಸ್ (ಒಳಗಿನ ಪ್ರೋಗ್ರಾಂ ಬರಹ) ತೆರೆದೇ ಇತ್ತು, ನೋಡಿ. ಮುಚ್ಚಿದ ಡಬ್ಬಿಯಾಗಿದ್ದರೆ ನಾನು ಅಲ್ಲೇ ಕೈಚೆಲ್ಲುತ್ತಿದ್ದೆ. ಅದನ್ನು ಬರೆದಿದ್ದ ಪೈಥಾನ್ ಭಾಷೆ ನನಗೆ ಬರುತ್ತಿರಲಿಲ್ಲ, ರಾತ್ರಿ ಅಂಗಡಿ ಬಾಗಿಲು ಅರ್ಧ ಎಳೆದುಕೊಂಡು ಕಲಿತೆ. ನಾನು ಸೇರಿಸಿದ್ದು ಹೆಚ್ಚೆಂದರೆ ಅರವತ್ತು ಸಾಲು. ಒತ್ತಕ್ಷರಕ್ಕೂ ಸ್ವರಚಿಹ್ನೆಗೂ ಇದೇ ಗೋಳು: ಹಳೆಯದರಲ್ಲಿ ಅಕ್ಕಿ ಅಂದರೆ ಮೊದಲು "ಕಿ", ಆಮೇಲೆ ಒತ್ತು. ಕೊನೆಗೆ ಉಳಿದದ್ದು ರ‍್ಯಾಲಿ, ರ‍್ಯಾಂಕ್ ಥರದ ಪದಗಳು, ಅವಕ್ಕೆ ಕಣ್ಣಿಗೆ ಕಾಣದ ಜೋಡಕ ಸಂಕೇತ ಹಾಕಬೇಕು. ಅಂಥ ಇನ್ನೂರು ಚಿಲ್ಲರೆ ಅಪವಾದಗಳ ಪಟ್ಟಿ ನನ್ನ ಹತ್ತಿರ ಇದೆ. ಅದನ್ನು ಮಾತ್ರ ಕೇಳಬೇಡಿ, ಅದೇ ಈಗ ನನ್ನ ಅನ್ನ.

ಮಧ್ಯೆ ಒಂದು ಹುಚ್ಚು. ಗಿರಾಕಿಯೊಬ್ಬರು ತಾತನ ಹಳೇ ಅಚ್ಚಿನ ಪುಸ್ತಕ ತಂದರು. ಟೆಸೆರಾಕ್ಟ್‌ನಲ್ಲಿ ಓಸಿಆರ್ (ಪುಟದ ಚಿತ್ರದಿಂದ ಅಕ್ಷರ ಓದಿಸುವುದು) ಮಾಡಿ ನೋಡಿದೆ. 300 ಡಿಪಿಐ ಸ್ಕ್ಯಾನ್ ಮಾಡಿದ ಪುಟ ಪರವಾಗಿಲ್ಲ, ಆದರೆ ಸೊನ್ನೆಗೂ ಅನುಸ್ವಾರಕ್ಕೂ ಅದಕ್ಕೆ ಭೇದವಿಲ್ಲ. ಒತ್ತಕ್ಷರ ಸಣ್ಣದಿದ್ದರೆ ನುಂಗಿಬಿಡುತ್ತದೆ. ತಿದ್ದುವ ಹೊತ್ತಿಗೆ ಹೊಸದಾಗಿ ಟೈಪ್ ಮಾಡಬಹುದಿತ್ತು. ನಲವತ್ತು ಪುಟಕ್ಕೆ ನಿಲ್ಲಿಸಿದೆ.

ಪುಟವಿನ್ಯಾಸಕ್ಕೆ ಸ್ಕ್ರೈಬಸ್. ಅದರ 1.4 ಆವೃತ್ತಿಯಲ್ಲಿ ಕನ್ನಡ ಒಡೆದು ಬರುತ್ತಿತ್ತು. 2024ರ ಜನವರಿಯಲ್ಲಿ ಬಂದ 1.6ರಲ್ಲಿ ಒತ್ತಕ್ಷರ ಸರಿಯಾಗಿ ಕೂರುತ್ತದೆ. ಹಳೇ ವಿಡಿಯೋ ನೋಡಿ "ಸ್ಕ್ರೈಬಸ್‌ನಲ್ಲಿ ಕನ್ನಡ ಆಗಲ್ಲ" ಅನ್ನುವವರ ಜೊತೆ ವಾದ ಮಾಡುವುದನ್ನು ಬಿಟ್ಟಿದ್ದೇನೆ. ನನ್ನ ತಪ್ಪು ಬೇರೆ ಕಡೆ ಆಯಿತು. ಒಂದು ಕಾರ್ಡನ್ನು ಪೂರ್ತಿ ಚಿತ್ರ ಬರೆಯುವ ತಂತ್ರಾಂಶ ಇಂಕ್‌ಸ್ಕೇಪ್‌ನಲ್ಲೇ ಮಾಡಿ ಪಿಡಿಎಫ್ ಕೊಟ್ಟೆ. ಅದು ಆರ್‌ಜಿಬಿ, ಅಂದರೆ ಪರದೆಯ ಬಣ್ಣ, ಅಚ್ಚಿನ ನಾಲ್ಕು ಶಾಯಿಯ ಬಣ್ಣವಲ್ಲ. ಪ್ಲೇಟ್ ಮಾಡುವಾಗ ಕಪ್ಪು ಅಕ್ಷರ ನಾಲ್ಕೂ ಬಣ್ಣಕ್ಕೆ ಹಂಚಿಹೋಗಿ ಅಂಚೆಲ್ಲ ಮಸುಕು ಮಸುಕು. ಈಗ ಗಣಪತಿ, ಬಳ್ಳಿ, ಚಿತ್ತಾರ ಮಾತ್ರ ಇಂಕ್‌ಸ್ಕೇಪ್‌ನಲ್ಲಿ. ಅಕ್ಷರವೆಲ್ಲ ಸ್ಕ್ರೈಬಸ್‌ನಲ್ಲಿ, ಬರೀ ಕಪ್ಪು, ಅಕ್ಷರವನ್ನು ರೇಖಾಚಿತ್ರವಾಗಿಸಿ, ಅಂದರೆ ಔಟ್‌ಲೈನ್ ಮಾಡಿಯೇ ಕಳಿಸುತ್ತೇನೆ. "ಫಾಂಟ್ ಮಿಸ್ಸಿಂಗ್" ಅನ್ನುವ ಫೋನು ನಿಂತಿದೆ. ಶೀರ್ಷಿಕೆಗೆ ಬಲೂ ತಮ್ಮ ಫಾಂಟ್, ಒಳಗೆ ನೋಟೋ ಸೆರಿಫ್. ಎರಡೂ ಮುಕ್ತ ಲೈಸೆನ್ಸಿನವು.

ಮೂರನೇ ಮಷಿನ್ ಇನ್ನೂ ವಿಂಡೋಸೇ. ವಿಂಡೋಸ್‌ನಲ್ಲಿ ನಡೆಯುವ ಕೋರೆಲ್ ತಂತ್ರಾಂಶದ ಫೈಲೇ ಬೇಕು ಎನ್ನುವ ಇಬ್ಬರು ಗಿರಾಕಿಗಳಿದ್ದಾರೆ. ಅದರ ನೆಟ್ ಕೇಬಲ್ ಕಿತ್ತಿಟ್ಟಿದ್ದೇನೆ.

ಒಟ್ಟು ಖರ್ಚು, ಕೆಟ್ಟ ಕಾರ್ಡು ಸೇರಿ, ಹದಿನೇಳು ಹದಿನೆಂಟು ಸಾವಿರ ಇರಬಹುದು. ಫೋನ್ ಮಾಡಿದ ಆ ಪ್ರೆಸ್ಸಿನವರಿಗೆ ಪುಟಕ್ಕೆ ಹನ್ನೆರಡು ರೂಪಾಯಿ ಹೇಳಿದೆ, ಒಪ್ಪಿದರು. ಸೋಮವಾರ ಪೆನ್‌ಡ್ರೈವ್ ಬಂತು. ತೆರೆದರೆ ಒಳಗಿರುವುದು ನುಡಿ ಅಲ್ಲ, ಶ್ರೀಲಿಪಿ ಎಂಬ ಇನ್ನೊಂದು ತಂತ್ರಾಂಶದ ಫಾಂಟು. ಅದರ ಸಂಕೇತಗಳೇ ಬೇರೆ. ಪಟ್ಟಿ ಮತ್ತೆ ಮೊದಲಿನಿಂದ. ಫೋನ್ ಮಾಡಿ ಪುಟಕ್ಕೆ ಇಪ್ಪತ್ತು ಅಂದೆ.