ಸ್ಕೋಪಸ್ ಚಂದಾ ಇಲ್ಲದೆ ಒಣಬೇಸಾಯ ವಿಜ್ಞಾನಿಯ ಸೈಟೇಶನ್ ಲೆಕ್ಕ: ನನ್ನ ಅನುಭವ

ಒಬ್ಬ ವಿಜ್ಞಾನಿಯ ಲೇಖನಗಳನ್ನು ಎಷ್ಟು ಸಲ ಉಲ್ಲೇಖಿಸಿದ್ದಾರೆ (ಸೈಟೇಶನ್), ಅವರು ಯಾರ ಜೊತೆ ಬರೆದಿದ್ದಾರೆ ಅಂತ ಲೆಕ್ಕ ತೆಗೆಯುವುದು ಸ್ಕೋಪಸ್ (ದುಡ್ಡು ಕೊಟ್ಟು ನೋಡುವ ಸಂಶೋಧನಾ ಲೇಖನಗಳ ಡೇಟಾಬೇಸ್) ಚಂದಾ ಇಲ್ಲದೆ ಆಗೋ ಕೆಲಸವಲ್ಲ ಅಂತ ವಿಜಯಪುರದಲ್ಲಿ ಹೇಳಿದವರೇ ಜಾಸ್ತಿ. ಆದರೂ ಆಯಿತು. ಹಿಂಗಾರಿ ಜೋಳ, ಚೌಕುಮಡಿ (ಮಳೆನೀರು ಹಿಡಿಯುವ ಚೌಕಾಕಾರದ ಮಡಿ), ತೇವಾಂಶ ಸಂರಕ್ಷಣೆ ಅಂತ ಮೂವತ್ತು ವರ್ಷ ದುಡಿದ ಒಬ್ಬ ವಿಜ್ಞಾನಿಯ ಪೂರ್ತಿ ಲೆಕ್ಕ ಈಗ ಕೈಯಲ್ಲಿದೆ. ಖರ್ಚು ನಾಲ್ಕು ಸಾವಿರದ ಆಸುಪಾಸು. ಬಹುಪಾಲು ಹಳೆಯ ಸಂಚಿಕೆಗಳ ಸ್ಕ್ಯಾನಿಂಗ್, ಡೇಟಾ ಎಂಟ್ರಿಗೆ ಹೋಯಿತು. ಸಾಫ್ಟ್‌ವೇರ್‌ಗೆ ಒಂದು ಪೈಸೆಯೂ ಇಲ್ಲ.

ಎಲ್ಲರೂ ಡೇಟಾಬೇಸಿನಿಂದ ಶುರು ಮಾಡ್ತಾರೆ, ಅಲ್ಲೇ ಕೆಡುವುದು. ಬಯೋಡೇಟಾ ಎದುರಿಗಿಟ್ಟುಕೊಂಡು ಶುರು ಮಾಡಬೇಕು. ಇವರ ಪಟ್ಟಿಯಲ್ಲಿ ಸುಮಾರು 140 ಲೇಖನ. ಸ್ಕೋಪಸ್‌ನಲ್ಲಿ ಬೇರೆ ಕಡೆಯಿಂದ ನೋಡಿಸಿದಾಗ ಮೂರರಲ್ಲೊಂದು ಪಾಲೂ ಸಿಗಲಿಲ್ಲ. ಉಳಿದವೆಲ್ಲ ದೇಶಿ ಜರ್ನಲ್‌ಗಳವು, ಹಳೆಯವಕ್ಕೆ ಡಿಒಐ (ಲೇಖನದ ಆನ್‌ಲೈನ್ ಗುರುತಿನ ಸಂಖ್ಯೆ) ಕೂಡ ಇಲ್ಲ. ಪಟ್ಟಿಯನ್ನು ಎಕ್ಸೆಲ್‌ಗೆ ಹಾಕುವ ಮೊದಲೇ ಪುಟಸಂಖ್ಯೆಯ ಕಾಲಂ ‘ಟೆಕ್ಸ್ಟ್’ ಮಾಡಿಡಿ. ಇಲ್ಲದಿದ್ದರೆ 5-8 ಅನ್ನೋ ಪುಟ ಆಗಸ್ಟ್ 5 ಆಗಿ ಕೂರುತ್ತದೆ.

ಹುಡುಕುವಾಗ ಲೇಖಕರ ಸಂಸ್ಥೆಯ ವಿಳಾಸದ ಮೇಲೆ ಫಿಲ್ಟರ್ ಹಾಕಲೇಬೇಡಿ. ಊರಿನ ಹೆಸರು ಅಧಿಕೃತವಾಗಿ ಬದಲಾದದ್ದು 2014ರಲ್ಲಿ. ಲೇಖನಗಳಲ್ಲಿ ಬಿಜಾಪುರ, ವಿಜಾಪುರ, ವಿಜಯಪುರ ಮೂರೂ ಇವೆ. ಧಾರವಾಡ ಕೃಷಿ ವಿವಿ ಆದದ್ದು 1986ರಲ್ಲಿ, ಅದಕ್ಕೂ ಹಿಂದಿನವು ಬೆಂಗಳೂರು ಕೃಷಿ ವಿವಿಯ ಹೆಸರಲ್ಲಿವೆ. ಅರಭಾವಿ ತೋಟಗಾರಿಕೆ ಕಾಲೇಜಿನವರದಂತೂ ಇನ್ನೂ ಫಜೀತಿ: 2008ರಲ್ಲಿ ಬಾಗಲಕೋಟೆ ತೋಟಗಾರಿಕೆ ವಿವಿ ಹುಟ್ಟುವವರೆಗೆ ಅವರೂ ಧಾರವಾಡದವರೇ. ‘ಬಾಗಲಕೋಟೆ’ ಅಂತ ಹುಡುಕಿದರೆ ಅವರ ಅರ್ಧ ಕೆಲಸ ಮಾಯ.

ಹೆಸರಿನದೂ ಅದೇ ಗೋಳು. ಪಾಟೀಲ, ಬಿರಾದಾರ, ಕುಲಕರ್ಣಿ ಮಂದಿಗೆ ನಮ್ಮ ಕಡೆ ಬರವೇ? ಓಪನ್‌ಅಲೆಕ್ಸ್ ಅನ್ನೋ ಲೇಖನಗಳ ಡೇಟಾಬೇಸ್ ಉಚಿತ, ಅಂಥದ್ದೇ ಆದ ಮೈಕ್ರೋಸಾಫ್ಟ್ ಅಕಾಡೆಮಿಕ್ ನಿಂತ ಮೇಲೆ 2022ರಲ್ಲಿ ಬಂದದ್ದು, ಒಳ್ಳೆಯದೇ. ಆದರೆ ಇವರನ್ನು ಅದು ನಾಲ್ಕೈದು ಐಡಿಗಳಾಗಿ ಹರಿದು, ಒಂದರಲ್ಲಿ ಯಾರದೋ ಹಲ್ಲಿನ ಡಾಕ್ಟರರ ಲೇಖನ ಸೇರಿಸಿತ್ತು. ಲೇಖಕರ ಐಡಿ ಬಿಟ್ಟು ಶೀರ್ಷಿಕೆಯಿಂದ ಒಂದೊಂದಾಗಿ ಹೊಂದಿಸಿದರೆ ಮಾತ್ರ ದಾರಿ.

ಸೈಟೇಶನ್ ನಿಜವಾಗಿ ಸೋರುವುದು ಗೂಗಲ್ ಸ್ಕಾಲರ್‌ನಲ್ಲಿ. ಜರ್ನಲ್ ಹೆಸರನ್ನು ಒಬ್ಬರು ‘ಕರ್ನಾಟಕ ಜೆ. ಅಗ್ರಿಕ್. ಸೈ.’, ಇನ್ನೊಬ್ಬರು ‘ಕರ್ನ್. ಜೆ. ಅಗ್ರಿಲ್. ಸೈ.’ ಅಂತ ಬರೆದರೆ, ಒಂದೇ ಲೇಖನ ಬರೀ ‘ಸೈಟೇಶನ್’ ಅಂತ ಗುರುತಿಟ್ಟ ಬಿಡಿ ನಮೂದುಗಳಾಗಿ ಒಡೆದು, ಪ್ರತಿಯೊಂದಕ್ಕೂ ಎರಡೋ ಮೂರೋ ಉಲ್ಲೇಖ ಅಂಟಿರುತ್ತವೆ. ಪಬ್ಲಿಷ್ ಆರ್ ಪೆರಿಷ್ ಅನ್ನೋ ಉಚಿತ ತಂತ್ರಾಂಶದಲ್ಲಿ ಸ್ಕಾಲರ್‌ನ ನಮೂದುಗಳನ್ನು ಎಳೆದು, ಶೀರ್ಷಿಕೆಯ ಮೊದಲ ನಲವತ್ತು ಅಕ್ಷರ ಮತ್ತು ವರ್ಷ ಜೋಡಿಸಿ ಕೂಡಿಸಿದೆ. ಬೇಗ ಬೇಗ ಎಳೆದರೆ ಕ್ಯಾಪ್ಚಾ ಬಂದು ಬಾಗಿಲು ಮುಚ್ಚುತ್ತದೆ. ಮಧ್ಯೆ ಬಿಡುವು ಕೊಡಿ. ವರ್ಷವೇ ತಪ್ಪಿರುವ ನಮೂದು ಹಿಡಿಯಲು ನನ್ನದೊಂದು ಸೂತ್ರ ಇದೆ, ಅದನ್ನು ಸದ್ಯಕ್ಕೆ ಇಲ್ಲಿ ಹಾಕುತ್ತಿಲ್ಲ.

ಎಚ್-ಸೂಚ್ಯಂಕ (ಹತ್ತು ಅಂದರೆ, ತಲಾ ಹತ್ತು ಸಲವಾದರೂ ಉಲ್ಲೇಖಗೊಂಡ ಹತ್ತು ಲೇಖನ) ಓಪನ್‌ಅಲೆಕ್ಸ್‌ನಲ್ಲಿ ಏಳೋ ಎಂಟೋ ಇತ್ತು. ಕೂಡಿಸಿದ ಮೇಲೆ ಹದಿನೈದು, ಸ್ವಂತ ಉಲ್ಲೇಖ ಕಳೆದರೆ ಹನ್ನೆರಡು. ಹನ್ನೆರಡನ್ನೇ ವರದಿಗೆ ಹಾಕಿದೆ. ಅನುಮಾನ ಪಟ್ಟವರು ಕೂತು ಎಣಿಸಿ ನೋಡಿದರು, ಒಂದೂ ಬೀಳಲಿಲ್ಲ. ಕೃಷಿಕೋಶದ (ಕೃಷಿ ವಿವಿಗಳ ಪ್ರಬಂಧಗಳ ಆನ್‌ಲೈನ್ ಭಂಡಾರ) ಪಿಜಿ ಪ್ರಬಂಧಗಳಲ್ಲಿ ಸಿಕ್ಕ ಉಲ್ಲೇಖಕ್ಕೆ ಬೇರೆ ಕಾಲಂ. ಎರಡನ್ನೂ ಬೆರೆಸಿದರೆ ಯಾರೂ ಒಪ್ಪುವುದಿಲ್ಲ.

ಸಹಯೋಗಕ್ಕೆ, ಅಂದರೆ ಯಾರು ಯಾರ ಜೊತೆ ಬರೆದರು ಅನ್ನೋ ನಕ್ಷೆಗೆ, ವಿಒಎಸ್‌ವ್ಯೂವರ್ ಅನ್ನೋ ಉಚಿತ ತಂತ್ರಾಂಶ. ಝೋಟೆರೋದಿಂದ (ಲೇಖನಗಳ ಪಟ್ಟಿ ಇಡುವ ಉಚಿತ ತಂತ್ರಾಂಶ) ಆರ್‌ಐಎಸ್ ಕಡತ (ಲೇಖನಗಳ ವಿವರ ಸಾಲುಸಾಲಾಗಿ ಇರುವ ಕಡತ) ತೆಗೆದು ಕೊಡಿ. ಅದು ತಾನಾಗಿ 25ಕ್ಕಿಂತ ಹೆಚ್ಚು ಲೇಖಕರಿರುವ ಲೇಖನ ಬಿಟ್ಟುಬಿಡುತ್ತದೆ. ಅಖಿಲ ಭಾರತ ಸಮನ್ವಿತ ಯೋಜನೆಯ ಬಹುಕೇಂದ್ರ ಪ್ರಯೋಗಗಳು ಹಾರಿಹೋಗುವುದು ಇಲ್ಲೇ. ಮಿತಿ ಏರಿಸಿ, ಎಣಿಕೆಯನ್ನು ‘ಫ್ರ್ಯಾಕ್ಷನಲ್’ (ಲೇಖಕರು ಹೆಚ್ಚಿದ್ದಷ್ಟೂ ಒಬ್ಬೊಬ್ಬರ ಪಾಲು ಕಡಿಮೆ) ಇಡಿ, ಇಲ್ಲದಿದ್ದರೆ ಅಂಥ ಒಂದೇ ಲೇಖನ ನಕ್ಷೆ ನುಂಗುತ್ತದೆ. ನಕ್ಷೆಗೆ ಬರಲು ಒಬ್ಬ ಲೇಖಕರಿಗೆ ಬೇಕಾದ ಕನಿಷ್ಠ ಲೇಖನವನ್ನು ಐದರಿಂದ ಎರಡಕ್ಕೆ ಇಳಿಸಿ. ಕೊನೆಯ ಪಟ್ಟಿಯಲ್ಲಿ ವಿಜ್ಞಾನಿಯ ಹೆಸರಿನ ಟಿಕ್ ತೆಗೆಯಿರಿ: ಅವರಿದ್ದರೆ ಎಲ್ಲ ಗೆರೆ ಅವರಿಗೇ ಸೇರಿ ಜೇಡರ ಬಲೆಯಾಗುತ್ತದೆ, ತೆಗೆದರೆ ಗುಂಪುಗಳು ಬಿಚ್ಚಿಕೊಳ್ಳುತ್ತವೆ.

ಆರ್‌ಐಎಸ್‌ನಿಂದ ಸಂಸ್ಥೆಗಳ ನಕ್ಷೆ ಬರುವುದಿಲ್ಲ ಅಂತಾರೆ. ಕಡತದ ನಕಲು ಮಾಡಿ, ಲೇಖಕರ ಸಾಲಿನಲ್ಲಿ ಸಂಸ್ಥೆಯ ಹೆಸರನ್ನೇ ಕಾಮಾ, ಖಾಲಿ ಜಾಗ ಇಲ್ಲದ ಒಂದೇ ಪದವಾಗಿ ತುಂಬಿದೆ; ಬಂತು. ಸೊಲ್ಲಾಪುರ, ಬಳ್ಳಾರಿಯ ಕೇಂದ್ರಗಳು, ಹೈದರಾಬಾದಿನ ಕ್ರಿಡಾ (ಕೇಂದ್ರೀಯ ಒಣಬೇಸಾಯ ಸಂಶೋಧನಾ ಸಂಸ್ಥೆ) ಚೆನ್ನಾಗಿ ಎದ್ದು ಕಂಡವು. ಜೋಳದ ಸಂಸ್ಥೆ ಮಾತ್ರ ಹಳೆಯ ಹೆಸರು, ನಡುವಿನ ಹೆಸರು, ಈಗಿನ ಸಿರಿಧಾನ್ಯ ಸಂಸ್ಥೆ ಅಂತ ಮೂರು ಚುಕ್ಕೆಯಾಗಿತ್ತು, ಥೆಸಾರಸ್ ಕಡತದಲ್ಲಿ (ಯಾವ ಹೆಸರನ್ನು ಯಾವುದೆಂದು ಓದಬೇಕು ಅನ್ನೋ ಪಟ್ಟಿ) ಒಂದು ಮಾಡಿದೆ.

ಕನ್ನಡದ ಬೇಸಾಯ ಕ್ರಮ ಪುಸ್ತಿಕೆಗಳಲ್ಲಿ ಇವರ ಶಿಫಾರಸು ಎಷ್ಟು ಇಳಿದಿವೆ ಅಂತಲೂ ಹುಡುಕಿದೆ. ಅಲ್ಲಿ ಉಲ್ಲೇಖ ಕೊಡುವ ರೂಢಿಯೇ ಇಲ್ಲ. ಮಡಿಯ ಅಳತೆ, ಗೊಬ್ಬರದ ಪ್ರಮಾಣ ತಾಳೆ ಹಾಕಿ ಐದಾರನ್ನು ಹಿಡಿದೆ, ಅಷ್ಟಕ್ಕೇ ಬಿಟ್ಟೆ.