ಅಂಟಾರ್ಕ್ಟಿಕಾಕ್ಕಾಗಿ ದೆಹಲಿಗೆ ಬರೆದ ಪತ್ರಗಳು

ಕುದುರೆಮುಖದ ಗಣಿ ನಿಲ್ಲಲಿ ಎಂದು ಓಡಾಡಿದ ಕಾಲದಲ್ಲಿ ಒಂದು ವಿಷಯ ಕಲಿತೆ. ತೀರ್ಮಾನ ಯಾರ ಕೈಯಲ್ಲಿದೆ ಎಂದು ಮೊದಲು ಹುಡುಕಬೇಕು. ಆಗ ಅದು ಸುಪ್ರೀಂ ಕೋರ್ಟ್ ಕೈಯಲ್ಲಿತ್ತು. 2005ರ ಕೊನೆಗೆ ಗಣಿ ನಿಂತಿತು. ಅಂಟಾರ್ಕ್ಟಿಕಾದ ವಿಷಯ ಹಿಡಿದಾಗಲೂ ಅಲ್ಲಿಂದಲೇ ಶುರು ಮಾಡಿದೆ.

ಅಲ್ಲಿ ಗಣಿಗಾರಿಕೆಯನ್ನು 1991ರ ಮ್ಯಾಡ್ರಿಡ್ ಒಪ್ಪಂದ ನಿಷೇಧಿಸಿದೆ. ಈಗಿನ ಚಿಂತೆ ಕ್ರಿಲ್. ಸಿಗಡಿಯಂಥ ಪುಟ್ಟ ಜೀವಿ. ಪೆಂಗ್ವಿನ್, ಸೀಲ್, ತಿಮಿಂಗಿಲಗಳಿಗೆ ಅದೇ ಊಟ. ಅದರ ಮರಿಗಳು ಚಳಿಗಾಲದಲ್ಲಿ ಮಂಜುಗಡ್ಡೆಯ ಅಡಿಯ ಪಾಚಿ ತಿಂದು ಬದುಕುತ್ತವೆ, ಹಾಗಾಗಿ ಮಂಜುಗಡ್ಡೆ ಕಮ್ಮಿಯಾದರೆ ಅವಕ್ಕೂ ಕಷ್ಟ. ಇದರ ಮೇಲೆ ಮೀನಿನ ಮೇವಿಗೆ, ಒಮೆಗಾ-3 ಮಾತ್ರೆಗೆ ಎಂದು ಹಡಗುಗಳು ಬಂದು ಬಾಚುತ್ತವೆ. ಅಂಟಾರ್ಕ್ಟಿಕ್ ಪರ್ಯಾಯದ್ವೀಪ ಸೇರಿದ ಕಡಲ ಭಾಗಕ್ಕೆ ವರ್ಷಕ್ಕೆ 6.2 ಲಕ್ಷ ಟನ್ ಮಿತಿ ಇದೆ. ಅಷ್ಟನ್ನೂ ಒಂದೇ ಕಡೆ ಹಿಡಿಯದಂತೆ ಹಂಚುವ ನಿಯಮವಿತ್ತು. 2024ರಲ್ಲಿ ಅದು ಮುಂದುವರಿಯಲಿಲ್ಲ. 2025ರಲ್ಲಿ ಮಿತಿ ಮುಟ್ಟಿ, ಹಂಗಾಮು ಮುಗಿಯುವ ಮೊದಲೇ ಮೀನುಗಾರಿಕೆ ನಿಲ್ಲಿಸಬೇಕಾಯಿತು. ಒಟ್ಟು ಟನ್‌ಗಿಂತ ಒಂದೇ ಜಾಗದಲ್ಲಿ ಬಾಚುವುದೇ ನನ್ನನ್ನು ಜಾಸ್ತಿ ಕಾಡುವುದು. ಮರಿ ಸಾಕುತ್ತಿರುವ ಪೆಂಗ್ವಿನ್ ಊಟ ಹುಡುಕಿ ಎಷ್ಟು ದೂರ ಹೋದೀತು?

ಕ್ರಿಲ್ ಹಿಡಿಯುವ ನಿಯಮ ತೀರ್ಮಾನಿಸುವ ಹಲವು ದೇಶಗಳ ಆಯೋಗ (CCAMLR) ಪ್ರತಿ ಅಕ್ಟೋಬರ್‌ನಲ್ಲಿ ಆಸ್ಟ್ರೇಲಿಯಾದ ಹೋಬಾರ್ಟ್‌ನಲ್ಲಿ ಸೇರುತ್ತದೆ. ಒಂದು ದೇಶ ಬೇಡ ಅಂದರೂ ಕೆಲಸ ನಿಲ್ಲುತ್ತದೆ. ರಾಸ್ ಸಮುದ್ರದ ರಕ್ಷಿತ ಪ್ರದೇಶಕ್ಕೆ 2016ರಲ್ಲಿ ಒಪ್ಪಿಗೆ ಸಿಕ್ಕಿತು. ಪೂರ್ವ ಅಂಟಾರ್ಕ್ಟಿಕಾ, ವೆಡೆಲ್ ಸಮುದ್ರದ ಇಂಥದೇ ಪ್ರಸ್ತಾವಗಳು ವರ್ಷಗಟ್ಟಲೆ ಕೂತಿವೆ. ಭಾರತ ಅಲ್ಲಿ ಸದಸ್ಯ. 2021ರಲ್ಲಿ ಆ ಎರಡಕ್ಕೂ ಬೆಂಬಲ ಹೇಳಿದೆ. ಹಾಗಾದರೆ ನಾವು ತಟ್ಟಬೇಕಾದ ಬಾಗಿಲು ದೆಹಲಿಯ ಭೂ ವಿಜ್ಞಾನ ಸಚಿವಾಲಯ, ಅಲ್ವಾ?

ಬೆಳೆಗಾರರ ಸಭೆಯಲ್ಲಿ ಹಿರಿಯರೊಬ್ಬರು, "ನಮ್ಮ ಭದ್ರಾ ಕಾಡಿಗೇ ಜನ ಸಾಲದು, ಅದ್ಯಾಕೆ ಮಾರಾಯ್ರೆ?" ಅಂದರು. ಮೈತ್ರಿ, ಭಾರತಿ ಎಂಬ ನಮ್ಮದೇ ಸಂಶೋಧನಾ ಕೇಂದ್ರಗಳು ಅಲ್ಲಿವೆ, ನಮ್ಮ ದೇಶದ ಮಾತಿಗೆ ಅಲ್ಲಿ ಬೆಲೆ ಇದೆ ಎಂದು ವಿವರಿಸಿದೆ. ಸಚಿವಾಲಯಕ್ಕೆ ಬರೆಯುವ ಪತ್ರಕ್ಕೆ ಅವರೂ ಸಹಿ ಹಾಕಿದರು.

ಪತ್ರ ಒಂದು ಪುಟ ದಾಟಬಾರದು. ಬೇಡಿಕೆಯೂ ಒಂದೇ ಇರಲಿ. "ಪೆಂಗ್ವಿನ್ ಉಳಿಸಿ" ಎಂದು ಸುಮ್ನೆ ಬರೆದರೆ ಅಧಿಕಾರಿ ಏನು ಮಾಡಲು ಸಾಧ್ಯ? ಯಾವ ಸಭೆ, ಯಾವ ಪ್ರಸ್ತಾವ, ಭಾರತ ಏನು ಹೇಳಬೇಕು, ಇಷ್ಟನ್ನು ಬಿಡಿಸಿ ಬರೆಯುತ್ತೇವೆ. ಆಗಸ್ಟ್ ಒಳಗೆ ಅಂಚೆಗೆ ಹಾಕುತ್ತೇವೆ. ಸಂಸದರಿಗೆ ಪ್ರತಿಯ ಜೊತೆ ಲೋಕಸಭೆಯಲ್ಲಿ ಕೇಳಬಹುದಾದ ಪ್ರಶ್ನೆಯನ್ನೂ ಬರೆದು ಕೊಡುತ್ತೇವೆ. ಹಿಂದಿನ ಸಭೆಯಲ್ಲಿ ನಮ್ಮವರು ಏನು ಹೇಳಿದರು ಎಂದು ತಿಳಿಯಲು 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಿನ ಅರ್ಜಿ ಹಾಕುತ್ತೇವೆ. ಕ್ರಿಲ್ ಹಂಚಿಕೆಯ ನಿಯಮ ಮತ್ತೆ ಬರಬೇಕು ಎಂಬುದೇ ನಮ್ಮ ಈಗಿನ ಬೇಡಿಕೆ.